ತಂಗಿ ಉಂಡ ಮೇಲೆ

ದಾನವ್ವನಿಗೆ ಮನೆಗೆ ಹೋಗಬೇಕೆನಿಸತೊಡಗಿದ್ದು ತನ್ನ ಮನೆಯ ಒಲೆಯ ಮುಂದೆ ಕುಳಿತಿದ್ದಾಗಲೇ.

ಕೈಯಲ್ಲಿ ಜೋಳದ ಹಿಟ್ಟಿನ ಉಂಡೆ ಇತ್ತು. ಹೊರಗೆ ಬ್ಯಾಡಗಿಯ ಮಧ್ಯಾಹ್ನದ ಬಿಸಿಲು. ಪೇಟೆಯ ಕಡೆಯಿಂದ ಒಣಮೆಣಸಿನಕಾಯಿಯ ಘಾಟು ಬರುತ್ತಿತ್ತು. ಪಡಸಾಲೆಯಲ್ಲಿ ಊಟಕ್ಕೆ ಕುಳಿತ ದಲಾಲರು ಆ ದಿನದ ದರ ಮಾತಾಡುತ್ತಿದ್ದರು. ಈ ಖಾನಾವಳಿ ಅವಳದೇ. ಒಲೆಯನ್ನು ತಾನೇ ಮಣ್ಣು ಕಲಸಿ ಹಾಕಿದ್ದಳು, ಗೋಡೆಯ ಸುಣ್ಣ ತಾನೇ ಬಳಿದಿದ್ದಳು. ಆದರೂ ಪರ ಊರಿನ ಮದುವೆಗೆ ಹೋದವಳಿಗೆ ಮೂರನೆಯ ದಿನ ಆಗುವ ಹಾಗೆ ಎದೆಯೊಳಗೆ ಏನೋ ಎಳೆಯಿತು. ಇನ್ನು ಸಾಕು, ಮನೆಗೆ ಹೋಗೋಣ.

"ಹುಸೇನಬೀ, ನಾ ಮನಿಗೆ ಹೋಗ್ತೀನಿ" ಎಂದಳು.

ಪಕ್ಕದ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದ ಹುಸೇನಬಿ ನಕ್ಕಳು. ಖಾನಾವಳಿ ತೆರೆದ ದಿನದಿಂದ ಜೊತೆಗಿದ್ದವಳು ಅವಳು. "ಹೋಗ ಬೇ. ಆ ಬಾಗ್ಲಿಂದ ಹೊರಗ ಹೋಗಿ ಈ ಬಾಗ್ಲಿಂದ ಒಳಗ ಬಾ. ಬರ್ತಾ ಒಂದು ಕೊಡ ನೀರು ತಾ."

ದಾನವ್ವನೂ ನಗಲು ನೋಡಿದಳು. ಆಗಲಿಲ್ಲ. ಅವಳ ಬಲಗಿವಿಯ ಹಿಂದೆ, ಕೂದಲಿನ ಮರೆಯಲ್ಲಿ, ಹುಣಸೆಬೀಜದಷ್ಟು ದೊಡ್ಡ ತೆಳ್ಳನೆಯ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅಂಥದೇ ಇನ್ನೊಂದು ಬಿಲ್ಲೆ ಅವಳ ತಂಗಿ ನೀಲಾಂಬಿಕೆಯ ಕಿವಿಯ ಹಿಂದೆ, ಭೂಮಿಯ ಆಚೆ ಮಗ್ಗುಲಿಗಿರುವ ಪೆರು ದೇಶದ ಲಿಮಾ ಪಟ್ಟಣದಲ್ಲಿ ಇತ್ತು.

ನೀಲಾಂಬಿಕೆ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಖಾರ ಬಿಟ್ಟು ಬರೀ ಕೆಂಪನ್ನು ಹಿಂಡಿ ತೆಗೆದು, ಅದನ್ನು ದೇಶ ದೇಶದ ತಿಂಡಿ ಕಾರ್ಖಾನೆಗಳಿಗೆ ಮಾರುವ ವ್ಯಾಪಾರ ಅದು. ಹುಡುಗಿ ಚುರುಕು. ಆದರೆ ಅವಳಿಗೆ ಪ್ರಯಾಣ ಒಗ್ಗುತ್ತಿರಲಿಲ್ಲ. ಮೊದಲ ಸಲ ಜರ್ಮನಿಗೆ ಕಳಿಸಿದಾಗ ಮೂರು ವಾರ ಅನ್ನ ಸೇರಲಿಲ್ಲ. ಹಗಲು ತೂಕಡಿಕೆ, ಇರುಳು ಎಚ್ಚರ. ಮಾತುಕತೆಯ ಮೇಜಿನ ಮುಂದೆ ಕುಳಿತಾಗ ಲೆಕ್ಕ ತಪ್ಪಿತು. ಹೋಟೆಲಿನ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ ಅತ್ತಳು. ವ್ಯಾಪಾರ ಕೈತಪ್ಪಿತು. ಮರಳಿ ಬಂದವಳು ಅಕ್ಕನ ಮಡಿಲಲ್ಲಿ ತಲೆಯಿಟ್ಟು, "ನನ್ನ ಕೈಲೆ ಆಗೂದಿಲ್ಲಕ್ಕ. ಮೈ ಅಲ್ಲಿದ್ರೂ ಮೈಯೊಳಗಿನ ಹೊತ್ತು ಇಲ್ಲೇ ಉಳೀತೈತಿ" ಎಂದಿದ್ದಳು.

ಈಗ ಕಂಪನಿ ಅವಳನ್ನು ಏಳು ತಿಂಗಳ ಮಟ್ಟಿಗೆ ಲಿಮಾಕ್ಕೆ ಕಳಿಸಬೇಕೆಂದಿತ್ತು. ಈ ಸಲವೂ ಕೆಡಿಸಿದರೆ ಕೆಲಸ ಉಳಿಯುವ ಹಾಗಿರಲಿಲ್ಲ. ಆಗ ಹುಬ್ಬಳ್ಳಿಯಲ್ಲಿ ಹೊಸದಾಗಿ ತೆರೆದಿದ್ದ ಹೊತ್ತು ಕೇಂದ್ರದ ಮಾತು ಬಂತು.

*

ಕೇಂದ್ರದ ಡಾಕ್ಟರು ಪ್ರಮೋದಿನಿ ಗಲಗಲಿ ಅಕ್ಕತಂಗಿಯರನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಮಿದುಳಿನ ನಡುವೆ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಜೋಳದ ಕಾಳಿಗಿಂತ ಸಣ್ಣದೊಂದು ಗಡಿಯಾರವಿದೆ. ಬೆಳಕು ನೋಡಿ ಅದು ನಡೆಯುತ್ತದೆ. ವಿಮಾನ ಹತ್ತಿ ದೂರ ಹೋದಾಗ ಹೊರಗಿನ ಬೆಳಕಿಗೂ ಒಳಗಿನ ಗಡಿಯಾರಕ್ಕೂ ಜಗಳ ಹತ್ತುತ್ತದೆ. ಅದೇ ಜೆಟ್ ಲ್ಯಾಗ್. ಒಂದೇ ಸೂರಿನಡಿ ಬಹುಕಾಲ ಬದುಕಿದವರ ಗಡಿಯಾರಗಳು ಒಂದೇ ಲಯಕ್ಕೆ ಬಿದ್ದಿರುತ್ತವೆ. ಆ ಲಯವನ್ನೇ ಹಗ್ಗ ಮಾಡಿಕೊಂಡು, ಹೋದವರ ಜಗಳವನ್ನು ಊರಲ್ಲಿದ್ದವರ ಮೈಗೆ ಎಳೆದುಕೊಳ್ಳಬಹುದು.

"ಇಲ್ಲದಾಂಗ ಮಾಡಾಕ ಬರೂದಿಲ್ರಿ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು, ಅಷ್ಟ."

"ದಾಟಿಸಿದ್ದು ಅವರ ಮೈಯಾಗ ಏನ ಮಾಡ್ತೈತ್ರಿ?" ನೀಲಾಂಬಿಕೆ ಅಂಜುತ್ತ ಕೇಳಿದಳು.

"ಕಾದ ಪಾತ್ರಿ ನೀರಿನ ತೊಟ್ಟಿಯೊಳಗ ಇಟ್ಟಂಗ. ಊರಾಗಿದ್ದವರ ಸುತ್ತ ಅವರ ಬಿಸಿಲು, ಅವರ ಊಟ, ಅವರ ಮಂದಿ ಇರ್ತಾರ. ಅದೆಲ್ಲಾ ಸೇರಿ ನಿಧಾನಕ್ಕ ತಣಸ್ತೈತಿ. ಸ್ವಲ್ಪ ತಲಿ ಭಾರ ಆಗಬಹುದು."

ದಾನವ್ವ ಕಿವಿ ಮುಂದೆ ಮಾಡಿದಳು. "ಹಂಗಾರ ನನಗ ಕೊಡ್ರಿ ಅದನ್ನ. ಒಲಿ ಮುಂದ ಕುಂತಾಕಿ, ಕಾದದ್ದು ನನಗೇನ್ ಹೊಸದಲ್ಲ."

"ಅಕ್ಕಾ!"

"ನೀ ಸುಮ್ಮನಿರು. ಸಣ್ಣಾಕಿದ್ದಾಗ ನಿನ್ನ ಜ್ವರಾ ನನಗ ಬರ್ಲಿ ಅಂತ ಎಷ್ಟು ಸರ್ತಿ ಬೇಡ್ಕೊಂಡೀನಿ. ಅದನ್ನ ಕೇಳೂ ಮಷೀನು ಈಗ ಬಂದೈತಿ."

ಡಾಕ್ಟರು ಬೇಕಾದ್ದನ್ನೆಲ್ಲ ಕೇಳಿದರು. ಮಲಗುವುದು ಎಷ್ಟೊತ್ತಿಗೆ, ಏಳುವುದು ಎಷ್ಟೊತ್ತಿಗೆ, ಸಕ್ಕರೆ ಕಾಯಿಲೆ ಇದೆಯೇ, ಬಿಸಿಲಲ್ಲಿ ಓಡಾಡುತ್ತೀರಾ. ಮನೆಯಲ್ಲಿ ಯಾರು ಉಂಡ ಮೇಲೆ ಯಾರು ಉಣ್ಣುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಅದನ್ನು ಕೇಳಬೇಕೆಂದು ಯಾರಿಗೆ ತಾನೇ ಹೊಳೆದೀತು?

ತಾಯಿ ತೀರಿಕೊಂಡಾಗ ನೀಲಾಂಬಿಕೆ ಇನ್ನೂ ತೊದಲು ಮಾತಿನ ಕೂಸು. ಆ ದಿನದಿಂದ ದಾನವ್ವ ತಂಗಿಗಿಂತ ಮೊದಲು ಒಂದು ತುತ್ತು ಬಾಯಿಗಿಟ್ಟವಳಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ ಅದು. ತಂಗಿ ಕಾಲೇಜಿಗೆ ಧಾರವಾಡದಲ್ಲಿದ್ದಾಗಲೂ ಫೋನು ಮಾಡಿ "ಉಂಡಿ?" ಎಂದು ಕೇಳುವುದು, ಅತ್ತಣಿಂದ "ಉಂಡೆ" ಎಂದ ಮೇಲೆ ತಾನು ತಾಟಿನ ಮುಂದೆ ಕೂರುವುದು. ಖಾನಾವಳಿಯಲ್ಲಿ ಎಷ್ಟೋ ಮಂದಿ ಉಂಡು ಕೈತೊಳೆದು ಹೋಗುತ್ತಿದ್ದರು. ಆ ಒಂದು ಮಾತು ಕೇಳುವ ತನಕ ದಾನವ್ವನ ತಾಟು ಬೋರಲು ಬಿದ್ದಿರುತ್ತಿತ್ತು.

*

ಲಿಮಾದಲ್ಲಿ ಇಳಿದ ದಿನವೇ ನೀಲಾಂಬಿಕೆ ಹಾಯಾಗಿ ಮಲಗಿ, ಬೆಳಗಾದಾಗ ಎದ್ದಳು. ಅವಳಿಗೇ ನಂಬಿಕೆಯಾಗಲಿಲ್ಲ. ತಲೆ ತಿಳಿಯಾಗಿತ್ತು, ಹಸಿವು ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಆ ಪಟ್ಟಣದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಸೂರ್ಯನೇ ಕಾಣುವುದಿಲ್ಲ. ಸಮುದ್ರದಿಂದ ಎದ್ದ ಬೂದಿಬಣ್ಣದ ಮೋಡ ಚಾವಣಿಯಂತೆ ಮುಚ್ಚಿರುತ್ತದೆ. ಮಳೆಯೂ ಅಲ್ಲದ ಮಂಜೂ ಅಲ್ಲದ ತೇವ ಎಲ್ಲದರ ಮೇಲೂ ಕೂರುತ್ತದೆ. ಬೇರೆ ದೇಶದಿಂದ ಬಂದವರೆಲ್ಲ ಮುಖ ಬಾಡಿಸಿಕೊಂಡು ತಿರುಗುವಾಗ ನೀಲಾಂಬಿಕೆ ಮಾತ್ರ ಸರಸರ ಕೆಲಸ ಮಾಡಿದಳು. ಮೆಣಸಿನಕಾಯಿ ಬೆಳೆಗಾರರ ಹತ್ತಿರ ಹೋಗಿ ಬಂದಳು, ಬಣ್ಣದ ಮಾದರಿಗಳನ್ನು ಒಪ್ಪಿಸಿದಳು, ದೊಡ್ಡ ಒಪ್ಪಂದವೊಂದನ್ನು ಮುಗಿಸಿದಳು.

ಇನ್ನೊಂದು ಸಂಗತಿಯನ್ನು ಅವಳು ಗಮನಿಸಿದಳು, ಗಮನಿಸಿ ಬಿಟ್ಟಳು. ಅವಳಿಗೆ ಊರು ನೆನಪಾಗುತ್ತಿತ್ತು, ನೋಯುತ್ತಿರಲಿಲ್ಲ. ಖಾನಾವಳಿಯ ಫೋಟೋ ನೋಡಿದರೆ ಅಂಗಡಿಯಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಚಿತ್ರ ನೋಡಿದಂತಾಗುತ್ತಿತ್ತು. ಚೆಂದ ಇದೆ, ಅಷ್ಟೇ. ಮನೆಯ ನೆನಪಿನ ನೋವೆಂದರೆ ಮನಸ್ಸಿನ ಮಾತು ಎಂದು ಡಾಕ್ಟರರೂ ತಿಳಿದಿದ್ದರು. ಅದರ ಅರ್ಧ ಬೇರು ಆ ಜೋಳದ ಕಾಳಿನಂಥ ಗಡಿಯಾರದಲ್ಲೇ ಇದೆ, ಜಗಳದ ಹಿಂದೆ ಅದೂ ಹಗ್ಗ ಹಿಡಿದು ಬಂದುಬಿಡುತ್ತದೆ ಎಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

"ಉಂಡಿಯೇನವಾ?" ಅಕ್ಕನ ಫೋನು ಊಟಕ್ಕೊಮ್ಮೆ ತಪ್ಪದೆ ಬರುತ್ತಿತ್ತು.

"ಉಂಡೆ ಅಕ್ಕ. ಮೀನಂತ, ನಿಂಬಿಹಣ್ಣಿನಾಗ ನೆನಸಿ ಹಸೀದ ತಿಂತಾರಿಲ್ಲಿ. ನಾ ಅನ್ನ, ಕಾಳು ತಿಂದೆ."

"ಹಸೀದ? ಅಯ್ಯ, ಒಲಿ ಇಲ್ಲೇನು ಅವರ ಮನ್ಯಾಗ?"

ನೀಲಾಂಬಿಕೆ ನಗುತ್ತಿದ್ದಳು. ಅಲ್ಲಿ ಮಧ್ಯಾಹ್ನವಾದರೆ ಬ್ಯಾಡಗಿಯಲ್ಲಿ ಊರೆಲ್ಲ ಮಲಗಿರುತ್ತದೆಂಬುದು ಅವಳಿಗೆ ಗೊತ್ತಿತ್ತು. ಅಕ್ಕ ಮಾತಾಡಲೆಂದು ಎದ್ದಿದ್ದಾಳೆ ಎಂದುಕೊಂಡಳು. ಉಣ್ಣಲು ಕಾದಿದ್ದಾಳೆ ಎಂದು ಅವಳ ತಲೆಗೆ ಬರಲಿಲ್ಲ. ಬರಬೇಕಾಗಿತ್ತು. ಅದು ಬರುವ ಜಾಗವೇ ಅವಳೊಳಗೆ ಖಾಲಿಯಾಗಿತ್ತು.

ಏಳು ತಿಂಗಳು ಮುಗಿಯುತ್ತ ಬಂದಾಗ ಕಂಪನಿ, ಇನ್ನೊಂದು ವರ್ಷ ಇರುತ್ತೀಯಾ ಎಂದು ಕೇಳಿತು. "ಇರ್ತೀನ್ರಿ, ನನಗೇನ್ ತೊಂದರಿಲ್ಲ" ಎಂದಳು. ನಿಜವಾಗಿಯೂ ಇರಲಿಲ್ಲ.

*

ದಾನವ್ವ ಈಗ ಉಣ್ಣುತ್ತಿದ್ದದ್ದು ಸಂಜೆ ದೀಪ ಹಚ್ಚುವಾಗ, ನಡುರಾತ್ರಿ, ಮತ್ತೆ ಕೋಳಿ ಕೂಗುವಾಗ. ಹಗಲಿಡೀ ನೂರಾರು ರೊಟ್ಟಿ ಬಡಿದರೂ ಒಂದು ಚೂರು ಬಾಯಿಗೆ ಹೋಗುತ್ತಿರಲಿಲ್ಲ. ಬೆಳಗಿನ ಕಾಗೆಯ ಕೂಗು ಅವಳಿಗೆ ಸಂಜೆಯ ಕೂಗಿನಂತೆ ಕೇಳುತ್ತಿತ್ತು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ.

"ದಾನಕ್ಕಾ, ಈ ರೊಟ್ಟಿ ಯಾವ ದೇಶದ ಹೊತ್ತಿಗೆ ಬೇಯಿಸೀ?" ದಲಾಲಿ ಫಕ್ಕೀರೇಶ ಕರಿದಾದ ರೊಟ್ಟಿಯನ್ನು ಎತ್ತಿ ಹಿಡಿದು ಕೇಳಿದ. "ತಂಗಿ ಅಲ್ಲಿ ಬಣ್ಣಾ ಮಾರಿದ್ರ ನೀ ಇಲ್ಲಿ ಇದ್ದಲಿ ಮಾರಾಕತ್ತೀ."

ಸುತ್ತಲಿನವರು ನಕ್ಕರು. ಮೊದಲಾಗಿದ್ದರೆ ದಾನವ್ವ "ಹಲ್ಲು ಗಟ್ಟಿ ಇದ್ದಾವ್ರು ತಿನ್ರಿ, ಇಲ್ಲದಾವ್ರು ಗಂಜಿ ಕುಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಈಗ ಅವನ ಮುಖವನ್ನೇ ನೋಡುತ್ತ ನಿಂತಳು. ಈತ ಯಾರು, ನಾನ್ಯಾಕೆ ಈತನಿಗೆ ಬಡಿಸುತ್ತಿದ್ದೇನೆ ಎಂಬಂಥ ನೋಟ. ಫಕ್ಕೀರೇಶನ ನಗೆ ಆರಿತು. ಸುಮ್ಮನೆ ಉಂಡು ಎದ್ದ. ಮರುವಾರದಿಂದ ಅವನೂ, ಅವನ ಹಿಂದೆ ಇನ್ನು ಕೆಲವರೂ ಬರುವುದು ಬಿಟ್ಟರು.

ಒಂದು ಮಧ್ಯಾಹ್ನ ದಾನವ್ವ ಎರಡು ಸೀರೆ, ಬಾಚಣಿಗೆ ಚೀಲಕ್ಕೆ ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ನಿಂತಿದ್ದ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕುಳಿತಳು.

"ಎಲ್ಲಿಗಬೇ?" ಕಂಡಕ್ಟರ್ ಕೇಳಿದ.

"ಬ್ಯಾಡಗಿಗೆ ಒಂದ ಕೊಡಪಾ."

"ಬ್ಯಾಡಗಿಗೆ?"

"ಹೂಂ. ಮನಿಗೆ ಹೋಗ್ಬೇಕು. ಬಾಳ ದಿನಾ ಆತು."

ಕಂಡಕ್ಟರ್ ಮೊದಲು ನಕ್ಕ. ಆಮೇಲೆ ಅವಳ ಕಣ್ಣು ನೋಡಿ ನಿಲ್ಲಿಸಿದ. ಕೆಳಗೆ ಬಾಗಿ, ಮಗುವಿಗೆ ಹೇಳುವ ಹಾಗೆ, "ಅವ್ವಾ, ಇದ ಬ್ಯಾಡಗಿ" ಎಂದ.

ದಾನವ್ವ ಕಿಟಕಿಯಿಂದ ಹೊರಗೆ ನೋಡಿದಳು. ಬೋರ್ಡು ಓದಿದಳು. ಓದಿದ್ದು ಬುದ್ಧಿಗೆ ಮುಟ್ಟಿತು, ಮೈಗೆ ಮುಟ್ಟಲಿಲ್ಲ. "ಇದಲ್ಲಪಾ" ಎಂದಳು ಮೆಲ್ಲಗೆ. "ಇದು ಹಂಗ ಕಾಣಸ್ತೈತಿ ಅಷ್ಟ."

ಸುದ್ದಿ ತಿಳಿದು ಓಡಿಬಂದ ಹುಸೇನಬಿ ಅವಳನ್ನು ಕೈಹಿಡಿದು ಇಳಿಸಿಕೊಂಡಳು. ಮನೆಗೆ ಬಂದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹುಬ್ಬಳ್ಳಿಗೆ ಫೋನು ಮಾಡಿದಳು.

*

ಕೇಂದ್ರದ ನಿಗಾ ಕೋಣೆಯ ಗೋಡೆಯ ತುಂಬ ಪರದೆಗಳಿದ್ದವು. ಒಂದೊಂದು ಪರದೆಯಲ್ಲೂ ಎರಡೆರಡು ಗೆರೆ, ಹೋದವರದೊಂದು, ಉಳಿದವರದೊಂದು. ಗೆರೆಗಳು ದೂರ ಸರಿದರೆ ಕೆಂಪು ದೀಪ, ಒಂದರ ಮೇಲೊಂದು ಕುಳಿತರೆ ಹಸಿರು ದೀಪ. ದಾನವ್ವ ಮತ್ತು ನೀಲಾಂಬಿಕೆಯ ಪರದೆಯಲ್ಲಿ ತಿಂಗಳುಗಳಿಂದ ಹಸಿರು ಉರಿಯುತ್ತಿತ್ತು. ಇಷ್ಟು ಚೆನ್ನಾಗಿ ಕೂಡಿದ ಜೋಡಿ ಇನ್ನೊಂದಿಲ್ಲ ಎಂದು ಅಲ್ಲಿನವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಡಾಕ್ಟರು ದಾನವ್ವನನ್ನು ಕೇಂದ್ರಕ್ಕೆ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಆ ಗೆರೆಗಳನ್ನು ನೋಡಿದರು. ಗೆರೆಗಳು ಕೂಡಿದ್ದವು, ನಿಜ. ಎಲ್ಲಿ ಕೂಡಿವೆ ಎಂದು ಯಾರೂ ನೋಡಿರಲಿಲ್ಲ. ಅವು ಕೂಡಿದ್ದು ಲಿಮಾದ ಹಗಲಿನಲ್ಲಿ.

"ದಾನವ್ವಾರ, ನೀವು ಊಟಾ ಯಾವಾಗ ಮಾಡ್ತೀರಿ?"

"ಆಕಿ ಉಂಡ ಮ್ಯಾಲ್ರಿ."

"ಯಾರು?"

"ನಮ್ಮ ನೀಲಾ. ಮತ್ಯಾರ್ರಿ?" ಇದೇನು ಕೇಳುವ ಮಾತು ಎನ್ನುವ ಹಾಗಿತ್ತು ದಾನವ್ವನ ದನಿ. "ಮೊದಲಿಂದಾನೂ ಹಂಗ."

ಡಾಕ್ಟರಿಗೆ ಆಗ ತಿಳಿಯಿತು. ಹೊಟ್ಟೆಗೂ ಪಿತ್ತಜನಕಾಂಗಕ್ಕೂ ಬೇರೆ ಬೇರೆ ಗಡಿಯಾರಗಳಿವೆ. ಅವಕ್ಕೆ ಬಿಸಿಲು ಕಾಣುವುದಿಲ್ಲ. ಅವು ಊಟ ನೋಡಿ ಹೊತ್ತು ತಿಳಿಯುತ್ತವೆ. ಕಾದ ಪಾತ್ರೆಯನ್ನು ತಣಿಸಬೇಕಾದ ತೊಟ್ಟಿಯ ನೀರನ್ನೇ ದಾನವ್ವ ತುತ್ತು ತುತ್ತಾಗಿ ಕಾಯಿಸಿಬಿಟ್ಟಿದ್ದಳು. ತಲೆಯ ಗಡಿಯಾರ ತಂಗಿಯ ಕಡೆಗೆ ಎಳೆಯಿತು, ಹೊಟ್ಟೆಯದೂ ಅತ್ತಲೇ ಎಳೆಯಿತು. ಬ್ಯಾಡಗಿಯ ಬಿಸಿಲೊಂದೇ ಎಷ್ಟು ದಿನ ಹಿಡಿದೀತು?

"ನಾನು ಕೇಳಬೇಕಾಗಿತ್ತು" ಎಂದರು ಡಾಕ್ಟರು, ಯಾರಿಗೂ ಅಲ್ಲದ ಹಾಗೆ.

"ಏನ್ ಕೇಳಬೇಕಿತ್ರಿ? ಉಣ್ಣೂದೇನ್ ತಪ್ಪರೀ?"

"ಇಲ್ರೀ, ತಪ್ಪಲ್ಲ" ಎಂದು ಅವರು ದಾನವ್ವನ ಕೈ ಹಿಡಿದುಕೊಂಡರು.

*

ನೀಲಾಂಬಿಕೆ ಮರಳಿ ಬಂದಳು. ಬರುವಾಗಲೂ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಕರೆದರು, ಬಂದೆ ಎಂಬಷ್ಟೇ. ಹುಬ್ಬಳ್ಳಿಯ ಕೇಂದ್ರದಲ್ಲಿ ಅಕ್ಕತಂಗಿಯರನ್ನು ಅಕ್ಕಪಕ್ಕದ ಮಂಚದಲ್ಲಿ ಮಲಗಿಸಿ, ಹಗ್ಗವನ್ನು ಹಿಂದಕ್ಕೆಳೆದು, ಬಿಲ್ಲೆಗಳನ್ನು ತೆಗೆದರು.

ಬಿಲ್ಲೆ ಕಳಚಿದ ಗಳಿಗೆಯಲ್ಲೇ ನೀಲಾಂಬಿಕೆ ಚೀರಿದಳು. ಅಷ್ಟೂ ತಿಂಗಳು ಅವಳನ್ನು ಮುಟ್ಟದೆ ಹೋಗಿದ್ದ ನೋವು ಒಟ್ಟಿಗೆ ಬಂದು ಎದೆಗೆ ಕೂತಿತು. ಪಕ್ಕಕ್ಕೆ ತಿರುಗಿ ನೋಡಿದಳು. ಅಕ್ಕನ ಕೆನ್ನೆಯ ಎಲುಬುಗಳು ಎದ್ದು ಕಂಡವು, ರೊಟ್ಟಿ ಬಡಿಯುವ ಆ ದಪ್ಪ ಕೈಗಳು ಕಡ್ಡಿಯಾಗಿದ್ದವು. ವಿಡಿಯೋದಲ್ಲಿ ಪ್ರತಿದಿನ ಕಂಡಿದ್ದೇ ಇದು. ನೋಡಿದ್ದು ಮಾತ್ರ ಈಗ.

"ಅಕ್ಕಾ, ಎಲ್ಲಾ ಬಂತು ನನಗ. ಹೇಳು, ಈಗ ನಿನಗ ಆರಾಮಲ್ಲಾ? ಮನಿಗೆ ಹೋಗೂಣಲ್ಲಾ?"

ದಾನವ್ವ ತಂಗಿಯ ತಲೆ ಸವರಿದಳು. "ಹೋಗೂಣು. ಎಲ್ಲೈತಿ ಅನ್ನೂದೊಂದು ಗೊತ್ತಾಗವಲ್ದು."

ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಬೆಳಕಿನ ಚಿಕಿತ್ಸೆ, ಹೊತ್ತಿಗೆ ಸರಿಯಾಗಿ ಊಟ, ಔಷಧಿ. ದಾನವ್ವನ ಗೆರೆ ಕದಲಲಿಲ್ಲ. ತಲೆಯ ಗಡಿಯಾರವೂ ಹೊಟ್ಟೆಯ ಗಡಿಯಾರವೂ ಒಂದನ್ನೊಂದು ಹಿಡಿದುಕೊಂಡು ದೂರದ ಹಗಲೊಂದರಲ್ಲಿ ಬೇರು ಬಿಟ್ಟಿದ್ದವು. ಎಳೆದರೆ ಬೇರು ಬರುತ್ತಿರಲಿಲ್ಲ, ಜೀವವೇ ಕಿತ್ತು ಬರುತ್ತಿತ್ತು.

"ಒಂದ ದಾರಿ ಐತಿ" ಎಂದರು ಕೊನೆಗೆ. "ಅವರ ಮೈ ಎಲ್ಲೈತೋ ಅಲ್ಲಿಗೆ ಅವರನ್ನ ಕರಕೊಂಡು ಹೋಗೂದು."

*

ಕಂಪನಿ ತನ್ನ ಲಿಮಾ ವಸತಿಗೃಹದ ಅಡಿಗೆಮನೆಯಲ್ಲಿ ದಾನವ್ವನಿಗೆ ಕೆಲಸವೊಂದನ್ನು ಹಚ್ಚಿಕೊಟ್ಟಿತು. ಅಕ್ಕತಂಗಿ ವಿಮಾನ ಹತ್ತಿದರು.

ನಿಲ್ದಾಣದಿಂದ ಹೊರಗೆ ಬಂದಾಗ ಮೇಲೆ ಅದೇ ಬೂದಿಬಣ್ಣದ ಚಾವಣಿ. ಮುಖಕ್ಕೆ ತೇವ ಮುತ್ತಿತು. ದಾನವ್ವ ನಿಂತಳು. ಉಸಿರು ಒಳಗೆ ಎಳೆದುಕೊಂಡಳು, ಬಿಟ್ಟಳು. ಅವಳ ಹೆಗಲುಗಳು ಇಳಿದವು. ನೀಲಾಂಬಿಕೆ ಆ ಮುಖವನ್ನು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಸಂತೆ ಮುಗಿಸಿ ಬಂದು ಹೊಸ್ತಿಲ ಮೇಲೆ ಚೀಲ ಇಳಿಸಿದ ಹೆಂಗಸಿನ ಮುಖ ಅದು.

"ಬಂದ್ವಿ ನೋಡು" ಎಂದಳು ದಾನವ್ವ. ಹಾಗೆಂದು, ಯಾವ ಗುರುತೂ ಇಲ್ಲದ ಆ ಬೀದಿಯನ್ನು ನೋಡುತ್ತ ಅತ್ತಳು.

ಅವಳು ಹೊಟ್ಟೆ ತುಂಬ ಉಂಡಳು, ಮಗುವಿನಂತೆ ಮಲಗಿದಳು. ಕೈಗೆ ಬಲ ಬಂತು. ಹದಗೆಟ್ಟದ್ದು ನೀಲಾಂಬಿಕೆಯ ಮೈ. ಬಿಲ್ಲೆ ಇಲ್ಲದ ಅವಳಿಗೆ ಈಗ ಹಗಲು ಹಗಲಾಗಿರಲಿಲ್ಲ. ವಾರ ಕಳೆದರೂ, ತಿಂಗಳು ಕಳೆದರೂ ಒಗ್ಗಲಿಲ್ಲ. ತನ್ನ ಸಂಕಟವನ್ನು ಅಷ್ಟು ಕಾಲ ಇನ್ನೊಬ್ಬರಿಗೆ ಹೊರಿಸಿದ ಮೈ ಹೊರುವುದನ್ನೇ ಮರೆತುಬಿಟ್ಟಿರುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ದಾನವ್ವನ ಕಿವಿಗೆ ಬೀಳುತ್ತಿತ್ತು. ಒಂದು ದಿನ ಬಾಗಿಲು ಬಡಿದಳು.

"ನೀಲಾ, ನಲ್ಲಿ ಬಂದ್ ಮಾಡು. ನೀರರ ಉಳೀಲಿ. ಅಳೂದು ಹೊರಗ ಬಂದು ಅಳು."

ನೀಲಾಂಬಿಕೆ ಹೊರಗೆ ಬಂದಳು.

"ಊರಿಗೆ ಹೋಗು. ಹುಸೇನಬಿ ಒಬ್ಬಾಕಿನ ಒಲಿ ಹಚ್ಚಾಕತ್ತಾಳ."

"ನಿನ್ನ ಬಿಟ್ಟು ಹೋಗೂದಿಲ್ಲ."

"ನೀ ಇಲ್ಲಿ ಸಾಯಾಕ ಹತ್ತಿ. ನಾ ಅಲ್ಲಿ ಸಾಯಾಕ ಹತ್ತಿದ್ದೆ. ಇಬ್ಬರೂ ಬದುಕಬೇಕಂದ್ರ ಹಿಂಗ ಆಗ್ಬೇಕು."

"ನಿನಗ ಮನಿ ನೆನಪಾಗೂದಿಲ್ಲೇನಕ್ಕಾ?"

"ಎಲ್ಲಾ ನೆನಪೈತಿ. ಒಲಿ, ಹುಸೇನಬಿ, ಆ ಹಲ್ಕಟ್ ಫಕ್ಕೀರೇಶ. ನೆನಪಾಗ್ತೈತಿ, ಆದ್ರ ಅದು ಯಾರದೋ ಮನಿ ಇದ್ದಂಗ ಐತಿ. ನೀ ಹೋಗಿ ಅದನ್ನ ನಮ್ಮದಾಗಿ ಇಟ್ಕೋ."

*

ನೀಲಾಂಬಿಕೆ ಊರಿಗೆ ಹೊರಡುವ ಮುನ್ನ ಡಾಕ್ಟರು ಫೋನಿನಲ್ಲೇ ಇಬ್ಬರಿಗೂ ಒಂದು ಕಟ್ಟು ಹಾಕಿದರು. ದಿನಾ ಮಾತಾಡಿ, ಏನು ಬೇಕಾದರೂ ಮಾತಾಡಿ. ಉಂಡೆಯಾ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತೀರಿ. ಕಾದರೆ ಇನ್ನೊಂದು ಗಡಿಯಾರ ಊರು ಬಿಡುತ್ತದೆ.

ಹಾಗಾಗಿ ಬ್ಯಾಡಗಿಯಲ್ಲಿ ಬೆಳಗಾಗುವಾಗ, ಲಿಮಾದಲ್ಲಿ ಸಂಜೆ ಇಳಿಯುವಾಗ, ಅಕ್ಕತಂಗಿ ಮೆಣಸಿನಕಾಯಿಯ ದರ ಮಾತಾಡುತ್ತಾರೆ. ಅಲ್ಲಿನ ಮೋಡ, ಇಲ್ಲಿನ ಧೂಳು, ಹುಸೇನಬಿಯ ಮೊಣಕಾಲು ನೋವು, ಫಕ್ಕೀರೇಶ ಮತ್ತೆ ಊಟಕ್ಕೆ ಬರುತ್ತಿರುವುದು. ಮಾತಿನ ನಡುವೆ ಒಂದು ಕಡೆ ಇಬ್ಬರೂ ಸುಮ್ಮನಾಗುತ್ತಾರೆ. ಆ ಮಾತು ಇರಬೇಕಾಗಿದ್ದ ಜಾಗ ಅದು. ಆಮೇಲೆ ಯಾರಾದರೊಬ್ಬರು "ಮತ್ತ?" ಎನ್ನುತ್ತಾರೆ.

ಈ ಮಧ್ಯಾಹ್ನ ಬಂದವರೆಲ್ಲ ಉಂಡು ಹೋಗಿದ್ದರು. ಪಡಸಾಲೆ ಖಾಲಿಯಾಗಿತ್ತು. ಹುಸೇನಬಿ ಬೋರಲಿಟ್ಟಿದ್ದ ತಾಟನ್ನು ತಿರುಗಿಸಿ, ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ ನೀಲಾಂಬಿಕೆಯ ಮುಂದೆ ಸರಿಸಿದಳು. ಉಂಡೆಯಾ ಎಂದು ಕೇಳುವ ಹಾಗಿದ್ದರೂ ಕೇಳುವ ಹೊತ್ತಲ್ಲ ಇದು. ಲಿಮಾದಲ್ಲಿ ಅಕ್ಕ ಗಾಢ ನಿದ್ದೆಯಲ್ಲಿದ್ದಾಳೆ.

"ಉಣ್ಣವಾ" ಎಂದಳು ಹುಸೇನಬಿ. "ಹೊತ್ತಿಗೆ ಸರಿಯಾಗಿ ಉಣ್ಣು. ಒಬ್ಬಾಕಿನ್ನ ಕಳಕೊಂಡದ್ದು ಸಾಕು."

ನೀಲಾಂಬಿಕೆ ರೊಟ್ಟಿ ಮುರಿದಳು. ಹೊರಗೆ ಬಿಸಿಲಿತ್ತು, ಗಾಳಿಯಲ್ಲಿ ಅದೇ ಘಾಟಿತ್ತು, ಒಲೆಯಲ್ಲಿ ಅಕ್ಕ ಮೆತ್ತಿದ ಮಣ್ಣಿನ ಮೇಲೆ ಅವಳ ಬೆರಳಿನ ಗುರುತು ಇನ್ನೂ ಇತ್ತು. ಎಲ್ಲ ಇದ್ದಲ್ಲೇ ಇತ್ತು. ಮುರಿದ ತುಂಡನ್ನು ತಾಟಿನಲ್ಲೇ ಬಿಟ್ಟಳು. ಇನ್ನು ಸಾಕು, ಮನೆಗೆ ಹೋಗಬೇಕು ಎನಿಸಿತು ಅವಳಿಗೆ.

ಕೈ ತಾನಾಗಿಯೇ ಕಿವಿಯ ಹಿಂದಕ್ಕೆ ಹೋಯಿತು. ಸವರಿ ನೋಡಿಕೊಂಡಳು. ಅಲ್ಲಿ ಬಿಲ್ಲೆ ಇರಲಿಲ್ಲ.